ಖಾಲಿ ಬಿಟ್ಟ ಸುತ್ತುಗಳು

ಹೋದ ತಿಂಗಳು ಮಸ್ಕತ್ತಿನ ಖುರುಮ್ ಬಡಾವಣೆಯ ಒಂದು ಹೋಟೆಲಿನ ಬಾಗಿಲಲ್ಲಿ ನಾನು ಸುಮ್ಮನೆ ನಿಂತುಬಿಟ್ಟೆ. ಮೀಟಿಂಗಿಗೆ ಆಗಲೇ ತಡವಾಗಿತ್ತು. ಕೆಲಸದವನೊಬ್ಬ ಬಾಗಿಲ ಮುಂದಿನ ದೊಡ್ಡ ನಾರಿನ ಕಾಲೊರಸನ್ನು ಬಿಸಿಲಿಗೆ ಎಳೆದು ಹಾಕಿ ಪೈಪಿನಿಂದ ನೀರು ಹೊಡೆಯುತ್ತಿದ್ದ. ನೆಂದ ತೆಂಗಿನ ನಾರು, ಅದರೊಳಗೆ ಕೂತ ಧೂಳು, ಮೇಲೆ ಬಿಸಿಲು. ಆ ವಾಸನೆ ಮೂಗಿಗೆ ಬಡಿದದ್ದೇ ನನ್ನ ಬಲಗೈ ತಾನಾಗಿ ಪ್ಯಾಂಟಿನ ಜೇಬಿಗೆ ಹೋಗಿ ಮುಷ್ಟಿ ಕಟ್ಟಿತು. ಜೇಬಿನಲ್ಲಿ ಏನೂ ಇರಲಿಲ್ಲ. ಆದರೆ ಕೈ ಹುಡುಕುತ್ತಿದ್ದದ್ದು ಆರು ಕಲ್ಲುಗಳನ್ನು ಎಂದು ನನಗೆ ತಕ್ಷಣ ಗೊತ್ತಾಯಿತು.

ಮೀಟಿಂಗಿನಲ್ಲಿ ಯಾರು ಏನು ಮಾತಾಡಿದರೋ ಕಿವಿಗೆ ಬೀಳಲಿಲ್ಲ. ಎರಡು ಸಲ ಎದ್ದು ಹೊರಗೆ ಹೋಗಿ ಬಂದೆ. ಕಾಲೊರಸು ಒಣಗಿ ವಾಸನೆ ಹೋಗಿಯಾಗಿತ್ತು.

ಆ ಕಲ್ಲುಗಳು ಜೇಬಿನಲ್ಲಿದ್ದ ವರ್ಷ ಯಾವುದು ಎಂದು ಕೇಳಿದರೆ ನಾನು ತಡವರಿಸುತ್ತೇನೆ. ಎಂಟು ವರ್ಷ ಆಗಿರಬೇಕು. ಮಗಳು ಆಗ ಯುಕೆಜಿ ಅನ್ನುತ್ತೇನೆ ನಾನು. ಒಂದನೇ ಕ್ಲಾಸು ಅನ್ನುತ್ತಾಳೆ ಹೆಂಡತಿ. ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಓದಿದವನು ನಾನು. ಯಾರು ಏನೇ ಹೇಳಿದರೂ "ಎಷ್ಟು ಸಲ ನೋಡೀರಿ?" ಎಂದು ಕೇಳುವ ಚಟ ಆ ಓದಿನಿಂದ ಬಂತು. ಈಗೀಗ ಆ ಪ್ರಶ್ನೆಯನ್ನು ನನ್ನ ನೆನಪಿಗೇ ಕೇಳಬೇಕಾಗಿದೆ, ಉತ್ತರ ಸರಿಯಾಗಿ ಬರುತ್ತಿಲ್ಲ.

ನಮ್ಮ ಕಂಪನಿ ದೊಡ್ಡ ಪ್ಲಾಂಟುಗಳ ದುರಸ್ತಿಯ ಗುತ್ತಿಗೆ ಹಿಡಿಯುವಂಥದ್ದು. ಆಫೀಸು ಖುರುಮಿನಲ್ಲಿ, ಕೆಲಸಗಾರರು ಇನ್ನೂರು ಮುನ್ನೂರು ಕಿಲೋಮೀಟರ್ ದೂರದ ಸೂರ್‌ನಲ್ಲಿ, ಬುರೈಮಿಯಲ್ಲಿ, ಇನ್ನೆಲ್ಲೆಲ್ಲೋ. ಅಕ್ಟೋಬರಿನಿಂದ ಮಾರ್ಚಿನವರೆಗೆ ಪ್ರತಿ ಶುಕ್ರವಾರ ಬೆಳಿಗ್ಗೆ ನಮ್ಮದೊಂದು ಕ್ರಿಕೆಟ್ ತಂಡ ಲೀಗ್ ಆಡುತ್ತಿತ್ತು. ನಾನು ಆಡುವವನಲ್ಲ. ಸ್ಕೋರ್ ಬರೆಯುವವನು. ಮಸ್ಕತ್ತಿನ ಹೊರಗೆ, ಬೋಳು ಗುಡ್ಡಗಳ ನಡುವೆ ವಾದಿ ಎಂದು ಕರೆಯುವ ಒಣಗಿದ ಹಳ್ಳದ ದಂಡೆಯಲ್ಲಿ ನಮ್ಮ ಮೈದಾನ. ಹುಲ್ಲಿನ ಒಂದು ಎಸಳೂ ಇಲ್ಲ. ನಡುವೆ ಸಿಮೆಂಟಿನ ಪಟ್ಟಿ. ಅದರ ಮೇಲೆ ನಾರಿನ ಮ್ಯಾಟ್ ಹಾಸಿ, ಅಂಚಿಗೆ ಕಬ್ಬಿಣದ ಗೂಟ ಹೊಡೆದು, ನೀರು ಚಿಮುಕಿಸಿ ಎಳೆದು ಕಟ್ಟುವುದು. ಸುತ್ತ ಸುಣ್ಣ ಬಳಿದ ಕಲ್ಲುಗಳೇ ಬೌಂಡರಿ. ಅಕ್ಟೋಬರಿನಲ್ಲಿ ಅಲ್ಲಿ ನಿಂತರೆ ಬೂಟಿನ ತಳ ಮೆತ್ತಗಾಗುತ್ತಿತ್ತು.

ಆ ಸೀಸನ್ನಿನ ಮೊದಲ ಪಂದ್ಯಕ್ಕೆ ಬಂದವರಲ್ಲಿ ಒಬ್ಬ ಗಿಡ್ಡ ಮನುಷ್ಯ, ಗುಂಗುರು ಕೂದಲು, ಕೈಗಳು ಮಾತ್ರ ಬೇರೆ ಯಾರದೋ ಎನ್ನುವಷ್ಟು ಉದ್ದ. ಸೂರ್ ಹತ್ತಿರದ ಗ್ಯಾಸ್ ಪ್ಲಾಂಟಿನಲ್ಲಿ ವಾಲ್ವ್ ಟೆಕ್ನಿಷಿಯನ್. ಹೆಸರು ಲ್ಯಾನ್ಸಿ, ಊರು ಉಡುಪಿ ಹತ್ತಿರದ ಶಿರ್ವ.

"ನೀವು ಬ್ಯಾಟ್ಸ್‌ಮನ್ನೋ, ಕೀಪರೋ?" ಎಂದು ಕೇಳಿದೆ.

"ಫಾಸ್ಟ್ ಬೌಲರ್" ಎಂದ. ಅಲ್ಲಿದ್ದವರು ನಕ್ಕರು. ಅವನೂ ನಕ್ಕ. "ನಗಿ ಮಾರಾಯ್ರೆ, ಊರಲ್ಲೂ ಇಗರ್ಜಿ ಫಾದರ್ ಹೀಗೇ ನಗ್ತಿದ್ರು."

ನಗುವವರ ಮುಂದಾಳು ಹಿರೇಮಠ ಸರ್. ಗದಗಿನವರು, ಕಂಪನಿಯ ಅಡ್ಮಿನ್ ಮ್ಯಾನೇಜರ್, ನಮ್ಮ ತಂಡದ ಕ್ಯಾಪ್ಟನ್, ನನ್ನ ಬಾಸ್ ಕೂಡ. ದೊಡ್ಡ ಹೊಟ್ಟೆ, ಒಳ್ಳೆಯ ಬ್ಯಾಟಿಂಗು. "ದೇಸಾಯ್ರ, ಇವಂಗ ಸ್ಟಂಪಿನ ಮ್ಯಾಲಿನ ಬೇಲ್ಸ್ ಕಾಣ್ತಾವೇನು ಕೇಳ್ರಿ" ಎಂದು ನನಗೆ ಹೇಳಿದರು. ಆದರೆ ಚೆಂಡು ಕೊಟ್ಟರು.

ಆ ದಿನ ನಾನು ಕಂಡದ್ದು ಇದು. ನಮ್ಮ ಇನ್ನೊಬ್ಬ ಬೌಲರ್ ಸಾಜಿದ್, ಪೇಶಾವರದ ಕಡೆಯವನು, ಬುರೈಮಿಯ ಸೈಟಿನಿಂದ ಬರುತ್ತಿದ್ದ. ಆರಡಿ ಎರಡಂಗುಲ. ಅವನು ಹಾಕಿದ ಚೆಂಡು ಮ್ಯಾಟಿನಿಂದ ಎದ್ದು ಎದೆಗೆ ಬರುತ್ತಿತ್ತು. ಹೆದರಿ ಬ್ಯಾಟು ಎತ್ತಿದವರು ಕ್ಯಾಚ್ ಕೊಡುತ್ತಿದ್ದರು. ಲ್ಯಾನ್ಸಿಯ ಚೆಂಡು ಏಳುತ್ತಲೇ ಇರಲಿಲ್ಲ. ನೆಲಕ್ಕೆ ತಾಗಿ ಜಾರಿದ ಹಾಗೆ ನೇರ ಮೊಣಕಾಲ ಕೆಳಗೆ ಹೊಕ್ಕು ಪ್ಯಾಡಿಗೆ ಬಡಿಯುತ್ತಿತ್ತು. ಠಪ್. ಆ ಸದ್ದು ಗುಡ್ಡಕ್ಕೆ ಹೊಡೆದು ಮತ್ತೆ ಬರುತ್ತಿತ್ತು. ಲ್ಯಾನ್ಸಿ ತಿರುಗಿ ಎರಡೂ ಕೈ ಎತ್ತಿ ಅಪೀಲ್ ಮಾಡುತ್ತಿದ್ದ. ಅಂಪೈರ್ ಗುಡ್ಡ ನೋಡುತ್ತಿದ್ದ.

ಕ್ರಿಕೆಟ್ ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು: ಸ್ಟಂಪಿಗೆ ಬೀಳಬೇಕಾದ ಚೆಂಡು ಕಾಲಿಗೆ ಅಡ್ಡ ಬಂದರೆ ಎಲ್‌ಬಿಡಬ್ಲ್ಯು ಔಟು, ಆದರೆ ಅದನ್ನು ಅಂಪೈರ್ ಕೊಡಬೇಕು. ನಮ್ಮ ಲೀಗಿನಲ್ಲಿ ಹೊರಗಿನ ಅಂಪೈರುಗಳಿರಲಿಲ್ಲ. ಬ್ಯಾಟಿಂಗ್ ಮಾಡುವ ತಂಡದವರೇ ಇಬ್ಬರು ಬಂದು ನಿಲ್ಲುವುದು ರೂಢಿ. ತನ್ನವನನ್ನೇ ಔಟ್ ಕೊಡಬೇಕು, ಕೊಟ್ಟು ಅವನ ಕಾರಿನಲ್ಲೇ ರೂಮಿಗೆ ವಾಪಸಾಗಬೇಕು. ಒಬ್ಬ ಹೊಸಬ ಹಾಗೆ ಔಟ್ ಕೊಟ್ಟಿದ್ದನಂತೆ. ಅವನ ಬ್ಯಾಗು ಮೈದಾನದಲ್ಲೇ ಉಳಿಯಿತು, ಅವನೂ ಉಳಿದ, ಕೊನೆಗೆ ಟ್ಯಾಕ್ಸಿ ಹಿಡಿದ.

"ಅಂಪೈರ್ ಕುರುಡ ಅಲ್ಲ ದೇಸಾಯ್ರೇ" ಎಂದು ಲ್ಯಾನ್ಸಿ ನೀರು ಕುಡಿಯುತ್ತ ಹೇಳಿದ. "ಅವನಿಗೆ ವಾಪಸ್ ಹೋಗ್ಲಿಕ್ಕೆ ಕಾರು ಬೇಕಲ್ಲ."

ಸ್ಕೋರ್ ಪುಸ್ತಕದಲ್ಲಿ ಪ್ಯಾಡಿಗೆ ಬಡಿದ ಚೆಂಡಿಗೆ ಗುರುತಿಲ್ಲ. ರನ್ ಇಲ್ಲದಿದ್ದರೆ ಒಂದು ಚುಕ್ಕೆ, ಅಷ್ಟೇ. ಎರಡನೆಯ ಪಂದ್ಯದಿಂದ ನಾನು ಚುಕ್ಕೆಯ ಮೇಲೆ ಪೆನ್ಸಿಲ್ಲಿನಿಂದ ಒಂದು ಚಿಕ್ಕ ಸುತ್ತು ಹಾಕತೊಡಗಿದೆ. ಪ್ಯಾಡಿಗೆ ಬಡಿದು ಅಪೀಲ್ ಆದರೆ ಖಾಲಿ ಸುತ್ತು. ಖಂಡಿತ ಔಟು ಎಂದು ಗೊತ್ತಾದರೆ ಸುತ್ತನ್ನು ತುಂಬುವುದು. ಎರಡನೆಯ ಪಂದ್ಯದಿಂದಲೇ ಎಂದೆನೇ? ಐದನೆಯದರಿಂದ ಇದ್ದರೂ ಇರಬಹುದು. ಅದರ ಮೊದಲಿನವನ್ನು ಆಮೇಲೆ ನೆನಪಿನಿಂದ ತುಂಬಿದೆನೇ ಎಂಬ ಅನುಮಾನ ನನಗಿದೆ.

ನವೆಂಬರಿನಲ್ಲಿ ಹಿರೇಮಠ ಸರ್ ಸುದ್ದಿ ಹೇಳಿದರು. ಮುಂದಿನ ವರ್ಷ ಕಂಪನಿ ಲೀಗಿನ ಮೇಲಿನ ಡಿವಿಜನ್ನಿಗೆ ತಂಡ ಇಳಿಸುತ್ತದೆ. ಅದಕ್ಕೆ ಆಯ್ಕೆಯಾದವರು ವಾರದ ನಡುವೆ ಪ್ರಾಕ್ಟೀಸ್ ಮಾಡಬೇಕು, ಹಾಗಾಗಿ ಅವರ ಪೋಸ್ಟಿಂಗ್ ಮಸ್ಕತ್ತಿಗೆ. ಉಳಿದದ್ದು ಒಬ್ಬ ವೇಗದ ಬೌಲರಿನ ಜಾಗ. "ದೇಸಾಯ್ರ, ನೀವು ಓದಿದವರು. ಎಲ್ಲಾ ಬೌಲರ್‌ಗೂಳದು ಒಂದು ಹಾಳಿ ಮ್ಯಾಲೆ ತರ್ರಿ. ಯಾರ್ದು ಎಷ್ಟ್ ಎತ್ತರ, ಎಷ್ಟ್ ವಿಕೆಟ್ಟು, ಎಲ್ಲಾ. ಕಣ್ಣೀಲೆ ನೋಡಿ ಆರಿಸಿದ್ರ ಮಂದಿ ಗುಣುಗುಣು ಅಂತಾರ."

ಲ್ಯಾನ್ಸಿಗೆ ಆ ಜಾಗ ಏಕೆ ಬೇಕಿತ್ತು ಎಂದು ನನಗೆ ಗೊತ್ತಾದದ್ದು ಮುಂದಿನ ಶುಕ್ರವಾರ. ಅವನ ಹೆಂಡತಿ ಜೆಸಿಂತಾ ಮಸ್ಕತ್ತಿನ ಒಂದು ಆಸ್ಪತ್ರೆಯಲ್ಲಿ ಐಸಿಯು ನರ್ಸ್. ಮಗು ರಿಯಾಗೆ ಒಂಬತ್ತು ತಿಂಗಳೋ ಹತ್ತು ತಿಂಗಳೋ. ಜೆಸಿಂತಾ ಶಿಫ್ಟಿಗೆ ಹೋದಾಗ ಪಕ್ಕದ ಫ್ಲಾಟಿನ ಹೆಂಗಸೊಬ್ಬರು ನೋಡಿಕೊಳ್ಳುತ್ತಿದ್ದರು. ಲ್ಯಾನ್ಸಿ ಪ್ರತಿ ಗುರುವಾರ ಸಂಜೆ ಸೂರ್‌ನಿಂದ ಗಾಡಿ ಓಡಿಸಿಕೊಂಡು ಬಂದು ಶನಿವಾರ ಸಂಜೆ ಹೋಗುತ್ತಿದ್ದ. ಆ ಶುಕ್ರವಾರ ಅವಳು ಮಗುವನ್ನೆತ್ತಿಕೊಂಡು ಮೈದಾನಕ್ಕೆ ಬಂದಳು, ನಾನು ಸ್ಕೋರ್ ಬರೆಯುತ್ತಿದ್ದ ಶಾಮಿಯಾನದ ಕೆಳಗೆ ಕುಳಿತಳು. ಓವರ್ ಮುಗಿಸಿ ಬಂದ ಲ್ಯಾನ್ಸಿ ಕೈ ಚಾಚಿದ. ಮಗು ಅವನ ಮುಖ ನೋಡಿ ಕಿಟಾರನೆ ಕಿರುಚಿತು.

"ಇವತ್ತು ಶುಕ್ರವಾರ ಅಲ್ವಾ, ಹೀಗೇ" ಎಂದಳು ಜೆಸಿಂತಾ. "ಶನಿವಾರ ಮಧ್ಯಾಹ್ನ ಸರಿಯಾಗ್ತದೆ. ಆಗ ಇವರು ಹೊರಡ್ಲಿಕ್ಕೆ ಆಯ್ತು."

ಲ್ಯಾನ್ಸಿ ಚಾಚಿದ ಕೈಯನ್ನು ಹಿಂದೆ ತೆಗೆದು ಪ್ಯಾಂಟಿಗೆ ಒರೆಸಿಕೊಂಡ. "ಕೈಯಲ್ಲಿ ಮಣ್ಣು ಉಂಟು, ಅದಕ್ಕೆ" ಎಂದ.

ಹಾಳೆ ಮಾಡುವುದೇ ಆದರೆ ಸರಿಯಾಗಿ ಮಾಡೋಣವೆಂದು ರೂವಿ ಪೇಟೆಯ ಒಬ್ಬ ಟೈಲರಿನಿಂದ ಟೇಪು ತಂದೆ. ಮೂವರು ಬೌಲರುಗಳನ್ನೂ ಮೈದಾನದ ಸಾಮಾನಿಡುವ ಕಂಟೇನರಿನ ನೆರಳಿಗೆ ನಿಲ್ಲಿಸಿ ಅಳೆದೆ: ಎತ್ತರ, ತೋಳು, ಮಣಿಕಟ್ಟು, ಬೆರಳು, ಹೆಜ್ಜೆ. ಸಾಜಿದ್ ಕೈ ಅಗಲಿಸಿ ನಿಂತು, "ದೇಸಾಯಿ ಸಾಬ್, ಸೂಟ್ ಕಬ್ ಮಿಲೇಗಾ?" ಎಂದ. ಮೂರನೆಯವನು ತ್ರಿಶೂರಿನ ಜೋಬಿ. ಅವನು ಕಚಗುಳಿಯಾಗಿ ಸುಲಭಕ್ಕೆ ಅಳತೆಗೆ ಸಿಗಲಿಲ್ಲ. ಲ್ಯಾನ್ಸಿ ಐದಡಿ ನಾಲ್ಕಂಗುಲ. ಆದರೆ ತೋಳು ಸಾಜಿದ್‌ಗಿಂತ ಬರೀ ಒಂದೂವರೆ ಅಂಗುಲ ಕಡಿಮೆ. ಎರಡು ಸಲ ಅಳೆದೆ. ಮಣಿಕಟ್ಟು ಮೂವರಲ್ಲಿ ಅವನದೇ ದಪ್ಪ. ತೋರುಬೆರಳಿನ ತುದಿಯಲ್ಲಿ ವಾಲ್ವ್ ಚಕ್ರ ತಿರುಗಿಸಿ ತಿರುಗಿಸಿ ಎದ್ದ ಗಟ್ಟಿ ದಡ್ಡು. ಚೆಂಡಿನ ಹೊಲಿಗೆ ಅದರ ಮೇಲೆ ಕೂತು ಅಲುಗದೆ ಹೋಗುತ್ತಿತ್ತು. ಮೊಬೈಲಿನಲ್ಲಿ ವಿಡಿಯೋ ತೆಗೆದು ನೋಡಿದೆ: ಸಾಜಿದ್ ಚೆಂಡು ಬಿಡುವ ಎತ್ತರಕ್ಕೂ ಇವನದಕ್ಕೂ ಹೆಚ್ಚುಕಮ್ಮಿ ಒಂದು ಮೊಳ ವ್ಯತ್ಯಾಸ. ಅಷ್ಟು ಕೆಳಗಿನಿಂದ ಬಂದ ಚೆಂಡು ಸಿಮೆಂಟಿನ ಮೇಲೂ ಏಳುವುದಿಲ್ಲ.

"ಇದು ಎಲ್ಲಿ ಕಲ್ತ್ರಿ?" ಎಂದು ಲ್ಯಾನ್ಸಿಯನ್ನು ಕೇಳಿದೆ.

"ಕಲಿಯುವುದೆಂತ ಸರ್, ಇಗರ್ಜಿ ಮೈದಾನ ಪೂರಾ ಮುರಕಲ್ಲು. ಚೆಂಡು ಎದ್ರೆ ಹಲ್ಲು ಹೋಗ್ತದೆ ಅಂತ ಆಚೆಯವರು ಆಡ್ತಿರ್ಲಿಲ್ಲ. ಏಳದ ಹಾಗೆ ಹಾಕಿ ಹಾಕಿ ಅಭ್ಯಾಸ."

ಡಿಸೆಂಬರ್ ಮುಗಿಯಿತು. ಬೆಳಿಗ್ಗೆ ಸ್ವೆಟರ್ ಹಾಕುವ ಹವೆ. ಜೆಸಿಂತಾ ರಜೆಯಿದ್ದಾಗೆಲ್ಲ ಬಂದು ನನ್ನ ಪಕ್ಕ ಕೂತು ಸ್ಕೋರ್ ಬರೆಯುವುದನ್ನು ಕಲಿತಳು. ಅವಳ ಅಕ್ಷರ ನನ್ನದಕ್ಕಿಂತ ಚೆಂದ. ಆದರೆ ಒಂದು ತಕರಾರು ತೆಗೆದಳು. "ಈ ಸುತ್ತು ತುಂಬಿಸುವುದು ನೀವು ಹೇಗೆ ಮಾಡ್ತೀರಿ? ಇಲ್ಲಿ ಬದಿಯಲ್ಲಿ ಕೂತವರಿಗೆ ಚೆಂಡು ಹೋಗುವ ಲೈನ್ ಕಾಣುವುದಿಲ್ಲ ಅಲ್ವಾ? ನಮ್ಮ ಚಾರ್ಟಿನಲ್ಲಿ ಕಂಡದ್ದು ಮಾತ್ರ ಬರೆಯುವುದು. ಉಳಿದದ್ದು ಡಾಕ್ಟರ್ ಬಂದು ಹೇಳ್ಬೇಕು."

ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಸಂಖ್ಯಾಶಾಸ್ತ್ರ ಓದಿದವನಿಗೆ ಒಬ್ಬ ನರ್ಸು ಹೇಳಬೇಕಾಯಿತಲ್ಲ. ಆ ರಾತ್ರಿಯೇ ರಬ್ಬರ್ ಹಿಡಿದು ಕೂತು ತುಂಬಿದ ಸುತ್ತುಗಳನ್ನೆಲ್ಲ ಅಳಿಸಿದೆ. ಆ ಉತ್ಸಾಹದಲ್ಲಿ ಖಾಲಿಯವನ್ನೂ ಅಳಿಸಿಬಿಟ್ಟೆ. ಅಪೀಲ್ ಎಂದರೆ ಬೌಲರಿನ ಆಸೆ, ಆಸೆಯನ್ನು ಎಣಿಸಬಾರದು ಎಂದು ನನಗೆ ನಾನೇ ಪಾಠ ಹೇಳಿಕೊಂಡ ನೆನಪು.

ಫೆಬ್ರವರಿ ಕೊನೆಗೆ ಹಾಳೆ ಸಿದ್ಧವಾಯಿತು. ಹದಿನಾಲ್ಕು ಪಂದ್ಯ. ಸಾಜಿದ್ ಮೂವತ್ತೊಂದು ವಿಕೆಟ್, ಜೋಬಿ ಇಪ್ಪತ್ತನಾಲ್ಕು, ಲ್ಯಾನ್ಸಿ ಹತ್ತೊಂಬತ್ತು. ಓವರಿಗೆ ಕೊಟ್ಟ ರನ್ನಿನಲ್ಲಿ ಲ್ಯಾನ್ಸಿಯೇ ಎಲ್ಲರಿಗಿಂತ ಕಡಿಮೆ, ಚುಕ್ಕೆಗಳಲ್ಲಿ ಎಲ್ಲರಿಗಿಂತ ಮುಂದೆ. ಎಲ್‌ಬಿಡಬ್ಲ್ಯು ಅಂಕಣದಲ್ಲಿ ಅವನ ಮುಂದೆ ಸೊನ್ನೆ. ಎಲ್ಲರ ಮುಂದೆಯೂ ಸೊನ್ನೆಯೇ. ಆದರೆ ಚೆಂಡು ಎದೆಗೆ ಬರುವವನ ಸೊನ್ನೆಯೂ ಮೊಣಕಾಲಿಗೆ ಬರುವವನ ಸೊನ್ನೆಯೂ ಒಂದೇ ಅಲ್ಲ. ಇದನ್ನು ಹಾಳೆಯ ಕೆಳಗೆ ಎರಡು ಸಾಲು ಬರೆದೆ. ಪುರಾವೆ ಎಲ್ಲಿದೆ ಎಂದು ಕೇಳಿದರೆ ತೋರಿಸಲು ಸುತ್ತುಗಳಿರಲಿಲ್ಲ, ಅಳಿಸಿಯಾಗಿತ್ತು. ಆ ಎರಡು ಸಾಲನ್ನೂ ತೆಗೆದೆ.

ಹಿರೇಮಠ ಸರ್ ಹಾಳೆ ಓದಿ, ಕನ್ನಡಕ ತೆಗೆದರು. "ಹತ್ತೊಂಬತ್ತಕ್ಕ ಹೆಂಗ್ ಆರಿಸೂದ್ರಿ? ಖರೆ ಹುಡುಗ ಚಲೋ ಒಗಿತಾನ. ಒಂದ್ ಕೆಲಸ ಮಾಡೂನು. ನಮ್ಮ ನಮ್ಮೊಳಗ ಒಂದು ಟ್ರಯಲ್ ಮ್ಯಾಚ್ ಇಡೂನು. ಎರಡೂ ಟೀಮ್ ನಮ್ಮವೇ. ಅಂಪೈರ್ ನೀವಾಗ್ರಿ. ನೀವು ಯಾವ ಟೀಮಿನವರೂ ಅಲ್ಲ."

ನಾನು ಲ್ಯಾನ್ಸಿಗೆ ಫೋನ್ ಮಾಡಿದೆ. ಮಾಡಬಾರದಿತ್ತೋ ಏನೋ. "ಟ್ರಯಲ್‌ನ್ಯಾಗ ನಾನೇ ಅಂಪೈರ್. ಕಾಲಿಗೆ ಬಡಿದು ಔಟ್ ಇದ್ರ ಔಟ್ ಕೊಡ್ತೀನಿ. ನಿಮ್ಮ ಬೌಲಿಂಗಿಗೆ ಇದೊಂದೇ ಸಲ ಖರೇ ಲೆಕ್ಕ ಸಿಗೂದು."

ಅವನ ಹಿಂದೆ ಯಾವುದೋ ಕಂಪ್ರೆಸರಿನ ಸದ್ದು ಕೇಳುತ್ತಿತ್ತು. "ನೀವು ನಿಂತ ಎಂಡಿನಿಂದಲೇ ಹಾಕ್ತೇನೆ ದೇಸಾಯ್ರೇ" ಎಂದ.

ಟ್ರಯಲ್ ದಿನ ನನ್ನ ಕಾರು ಗ್ಯಾರೇಜಿನಲ್ಲಿತ್ತು. ಹಿರೇಮಠ ಸರ್ ಮನೆಗೇ ಬಂದು ಹತ್ತಿಸಿಕೊಂಡರು. ಮೈದಾನದಲ್ಲಿ ಬಗ್ಗಿ ಆರು ಕಲ್ಲು ಆರಿಸಿ ಬಲ ಜೇಬಿಗೆ ಹಾಕಿಕೊಂಡೆ. ಒಂದೊಂದು ಚೆಂಡಿಗೆ ಒಂದೊಂದನ್ನು ಎಡ ಜೇಬಿಗೆ ದಾಟಿಸುವುದು ಅಂಪೈರಿನ ಎಣಿಕೆ. ಇಪ್ಪತ್ತು ಓವರಿನ ಆಟ. ಸ್ಕೋರಿಗೆ ಜೆಸಿಂತಾ ಕೂತಳು. ಕಂಪನಿಯ ಸ್ಕೋರ್ ಪುಸ್ತಕ ನನ್ನ ಕಾರಿನಲ್ಲೇ ಉಳಿದಿದ್ದರಿಂದ ತನ್ನ ಆಸ್ಪತ್ರೆಯ ಉದ್ದ ನೋಟ್‌ಬುಕ್ಕಿನಲ್ಲೇ ಗೆರೆ ಹೊಡೆದುಕೊಂಡಳು. ಆಚೆಯ ತಂಡದಿಂದ ಬ್ಯಾಟಿಂಗಿಗೆ ಬಂದವರು ಹಿರೇಮಠ ಸರ್. ಲ್ಯಾನ್ಸಿಗೆ ನಾಲ್ಕು ಓವರ್, ನಾಲ್ಕೂ ನನ್ನ ಎಂಡಿನಿಂದ.

ಎಂಟು ವರ್ಷ ನನ್ನ ತಲೆಯಲ್ಲಿ ಓಡುತ್ತಿರುವ ಚೆಂಡು ಒಂದೇ. ಹಿರೇಮಠ ಸರ್ ಟೋಪಿ ತೆಗೆದಿದ್ದರು, ಕುತ್ತಿಗೆಗೆ ಒದ್ದೆ ಟವೆಲ್ ಸುತ್ತಿಕೊಂಡಿದ್ದರು, ಅದರ ಬಿಳಿ ತುದಿ ಎದೆಯ ಮೇಲೆ ನೇತಾಡುತ್ತಿತ್ತು. ಲ್ಯಾನ್ಸಿ ನನ್ನ ಪಕ್ಕದಿಂದ ಉಸಿರು ಬಿಡುತ್ತ ಹಾದುಹೋದ. ಚೆಂಡು ಮ್ಯಾಟಿನ ನಡುಹೊಲಿಗೆಯ ಮೇಲೆ ಬಿತ್ತು. ಏಳಲಿಲ್ಲ. ಠಪ್. ಹಿರೇಮಠರ ಎಡಗಾಲು ನಡುಸ್ಟಂಪನ್ನು ಪೂರ್ತಿ ಮುಚ್ಚಿತ್ತು. ಲ್ಯಾನ್ಸಿ ನನ್ನ ಕಡೆ ತಿರುಗಿದ. ಕೂಗಲಿಲ್ಲ. ಎರಡೂ ಉದ್ದ ಕೈಗಳನ್ನು ಅಗಲಿಸಿ, ಹಿಂದೊಮ್ಮೆ ಮಗುವಿನ ಮುಂದೆ ಚಾಚಿದ್ದನಲ್ಲ ಹಾಗೆ, "ದೇಸಾಯ್ರೇ?" ಎಂದ.

ನನ್ನ ಬಲಗೈ ಜೇಬಿನಲ್ಲಿತ್ತು. ಕಲ್ಲು ಹಿಡಿದಿತ್ತು. ಔಟ್ ಎಂದು ಬೆರಳೆತ್ತಲು ಅದು ಮೇಲೆ ಬರಲಿಲ್ಲ.

"ನಾಟ್ ಔಟ್" ಎಂದೆ.

ಏಕೆ? ಅನುಮಾನವಿದ್ದರೆ ಬ್ಯಾಟ್ಸ್‌ಮನ್ನಿನ ಪರ ಎಂಬ ನಿಯಮವಿದೆ. ನನ್ನ ಓದು ಹೇಳಿಕೊಟ್ಟದ್ದೂ ಅದನ್ನೇ: ಬಲವಾದ ಪುರಾವೆ ಇಲ್ಲದೆ ಮೊದಲಿನ ಸ್ಥಿತಿಯನ್ನು ಬದಲಿಸಬೇಡ. ಚೆಂಡು ಸ್ಟಂಪು ತಪ್ಪಿಸಿ ಸ್ವಲ್ಪ ಲೆಗ್ ಕಡೆ ಹೋಗುತ್ತಿತ್ತೇನೋ ಎಂದು ಆ ಕ್ಷಣ ಅನ್ನಿಸಿತು. ಅಥವಾ ಆ ಕ್ಷಣ ಅನ್ನಿಸಿದ್ದಲ್ಲ, ಆಮೇಲೆ ಎಂಟು ವರ್ಷದಲ್ಲಿ ಬೆಳೆದ ಅನುಮಾನ. ನನಗೆ ಹೇಳಲಾಗುವುದಿಲ್ಲ.

ಲ್ಯಾನ್ಸಿ ನಾಲ್ಕು ಓವರಿಗೆ ಒಂಬತ್ತು ರನ್ ಕೊಟ್ಟ. ವಿಕೆಟ್ ಇಲ್ಲ. ಮುಂದೆ ಸಾಜಿದ್ ಮೂರು ವಿಕೆಟ್ ತೆಗೆದ, ಮೂರೂ ಕ್ಯಾಚು. ಅಂಪೈರಿನ ಹಂಗೇ ಇಲ್ಲ. ಜೆಸಿಂತಾ ಕುಳಿತಲ್ಲಿಂದಲೇ ಅಂಕಿ ಓದಿ ಹೇಳಿದಳು, ನಾನು ಮೊಬೈಲಿನಲ್ಲಿ ಬರೆದುಕೊಂಡೆ. ಅವಳ ನೋಟ್‌ಬುಕ್ ನೋಡಲಿಲ್ಲ. ಲ್ಯಾನ್ಸಿ ಬಂದು ಕೈ ಕುಲುಕಿದ. "ಥ್ಯಾಂಕ್ಸ್ ದೇಸಾಯ್ರೇ, ಬಿಸಿಲಲ್ಲಿ ನಿಂತ್ರಿ" ಎಂದ. ದಡ್ಡುಗಟ್ಟಿದ ಆ ಬೆರಳು ನನ್ನ ಅಂಗೈಗೆ ತಾಗಿತು. ಅದು ಖಂಡಿತ ನಡೆದದ್ದು.

ವಾಪಸ್ ಹೋಗುವಾಗ ಕಾರಿನಲ್ಲಿ ಹಿರೇಮಠ ಸರ್ ಎಸಿ ಜೋರು ಮಾಡಿ, ರಸ್ತೆ ನೋಡುತ್ತ ಕೇಳಿದರು: "ಖರೇ ಹೇಳ್ರಿ ದೇಸಾಯ್ರ. ಆ ಬಾಲು ಔಟ್ ಇತ್ತಲ್ಲ? ನಾ ಅಂತೂ ಹೊಂಟೇ ನಿಂತಿದ್ದೆ."

"ಇಲ್ರಿ ಸರ್. ಲೆಗ್ ಸೈಡಿಗೆ ಹೊಂಟಿತ್ತು."

"ಹಂಗಾರ ನನ್ನ ನಸೀಬು" ಎಂದು ನಕ್ಕರು.

ಈ ಮಾತುಕತೆ ನಿಜವಾಗಿ ನಡೆದಿದ್ದರೆ, ಅವರು ನನಗೆ ಬಾಗಿಲು ತೆರೆದಿಟ್ಟಿದ್ದರು. "ಹೌದ್ರಿ, ಔಟ್ ಇತ್ತು" ಎಂದಿದ್ದರೆ ಅವರೇ ಲ್ಯಾನ್ಸಿಯನ್ನು ಆರಿಸುತ್ತಿದ್ದರೋ ಏನೋ. ಹೆದರಿಸುವವರು ಯಾರೂ ಆ ಕಾರಿನಲ್ಲಿರಲಿಲ್ಲ. ಹೆದರುವವನು ಮಾತ್ರ ಇದ್ದ. ಹಿರೇಮಠ ಸರ್ ನಿವೃತ್ತರಾಗಿ ಗದಗಿಗೆ ಹೋದರು, ಕೇಳಿದರೆ "ಯಾವ ಬಾಲ್ರಿ?" ಅನ್ನುತ್ತಾರೆ, ಕೇಳಿ ನೋಡಿದ್ದೇನೆ.

ಸಾಜಿದ್ ಮಸ್ಕತ್ತಿಗೆ ಬಂದ. ಒಳ್ಳೆಯದೇ ಆಯಿತು, ಅವನೂ ಬುರೈಮಿಯ ದಾರಿ ಸವೆಸಿದವನು. ಲ್ಯಾನ್ಸಿ ಸೂರ್‌ನಲ್ಲೇ ಉಳಿದ. ಮರು ವರ್ಷ ಆಟಕ್ಕೆ ಬರಲಿಲ್ಲ, ಶುಕ್ರವಾರ ಪೂರ್ತಿ ಮಗುವಿನೊಡನೆ ಇರುತ್ತಾನೆ ಎಂದು ಕೇಳಿದೆ. ಇನ್ನೊಂದು ವರ್ಷಕ್ಕೆ ಜೆಸಿಂತಾ ಐಸಿಯು ಕೆಲಸ ಬಿಟ್ಟು ಸೂರ್‌ನ ಒಂದು ಸಣ್ಣ ಕ್ಲಿನಿಕ್ಕಿಗೆ ಸೇರಿದಳು. ಹಬ್ಬಕ್ಕೆ ಮೆಸೇಜು ಬರುತ್ತಿತ್ತು, ನಾನೂ ಕಳಿಸುತ್ತಿದ್ದೆ. ಅದಕ್ಕಿಂತ ಹೆಚ್ಚಿಗೆ ನಾವಿಬ್ಬರೂ ಹೋಗಲಿಲ್ಲ.

ಖುರುಮಿನ ಆ ಒದ್ದೆ ಕಾಲೊರಸಿನ ನಂತರ ನನಗೆ ಸುಮ್ಮನಿರಲಾಗಲಿಲ್ಲ. ಎರಡು ವಾರ ಆಫೀಸಿನಲ್ಲಿ ಕುರ್ಚಿಯಿಂದ ಏಳುವುದು, ಕೂರುವುದು. ಕೊನೆಗೆ ಒಂದು ಶುಕ್ರವಾರ ಬೆಳಿಗ್ಗೆ ಲ್ಯಾನ್ಸಿಗೆ ಫೋನ್ ಮಾಡಿ ಸೂರ್‌ಗೆ ಹೊರಟೆ. ಎಡಕ್ಕೆ ಸಮುದ್ರ, ಬಲಕ್ಕೆ ಗುಡ್ಡ. ದಾರಿಯುದ್ದಕ್ಕೂ ಕೇಳಬೇಕಾದ ಮಾತನ್ನು ಬೇರೆ ಬೇರೆ ತರಹ ಹೇಳಿ ನೋಡಿಕೊಂಡೆ. ಯಾವುದೂ ಸರಿ ಬರಲಿಲ್ಲ.

ಲ್ಯಾನ್ಸಿಯ ಕೂದಲು ಉದುರಿತ್ತು, ತೋಳು ಅಷ್ಟೇ ಉದ್ದವಿತ್ತು. ಬಾಗಿಲಲ್ಲಿ ರಿಯಾ ನನ್ನನ್ನು ನೋಡಿ, "ಪಪ್ಪಾ, ಹೂ ಇಸ್ ದಿಸ್ ಅಂಕಲ್?" ಎಂದು ಅವನ ಸೊಂಟ ಹಿಡಿದು ನಿಂತಳು.

"ಇವರು ನನ್ನ ಕೈ ಅಳತೆ ತೆಗೆದ ಅಂಕಲ್" ಎಂದ ಲ್ಯಾನ್ಸಿ.

ಊಟಕ್ಕೆ ಸುರ್ಮಾಯಿ ಮೀನಿನ ಸಾರು ಇತ್ತು. ನಾನು ತಿನ್ನುವುದಿಲ್ಲವೆಂದು ಜೆಸಿಂತಾ ನೆನಪಿಟ್ಟು ಬೇರೆ ಬೇಳೆಸಾರು ಮಾಡಿದ್ದಳು. ಅರ್ಧ ಊಟದಲ್ಲಿ ನನ್ನ ಬಾಯಿಂದ ಬಂತು: "ಲ್ಯಾನ್ಸಿ, ಆ ಟ್ರಯಲ್ ದಿವಸ ಒಂದು ಬಾಲು ಹಿರೇಮಠರ ಕಾಲಿಗೆ ಬಡೀತಲ್ಲ. ನೆನಪ್ ಅದ ಏನು?"

ಲ್ಯಾನ್ಸಿ ತಟ್ಟೆ ನೋಡುತ್ತ ಅನ್ನ ಕಲಸಿದ. "ಒಂದಾ?" ಎಂದ.

ಜೆಸಿಂತಾ ಎದ್ದು ಕೈ ತೊಳೆದು ಒಳಗೆ ಹೋದಳು. ಕಪಾಟು ತೆರೆದ ಸದ್ದು. ಬಂದಾಗ ಅವಳ ಕೈಯಲ್ಲಿ ಆ ಉದ್ದ ನೋಟ್‌ಬುಕ್ಕಿತ್ತು. "ಇದರಲ್ಲಿ ರಿಯಾಳ ವ್ಯಾಕ್ಸಿನೇಷನ್ ತಾರೀಕು ಎಲ್ಲ ಉಂಟು, ಅದಕ್ಕೆ ಬಿಸಾಡ್ಲಿಲ್ಲ" ಎಂದು ಹೇಳಿ ಪುಟ ತೆರೆದು ನನ್ನ ಮುಂದಿಟ್ಟಳು.

ನೀಟಾದ ಚುಕ್ಕೆಗಳು. ಲ್ಯಾನ್ಸಿಯ ಹೆಸರಿನ ಮುಂದೆ ನಾಲ್ಕು ಓವರ್. ಚುಕ್ಕೆಗಳ ಮೇಲೆ, ನಾನು ಕಲಿಸಿದ ಹಾಗೆಯೇ, ಪೆನ್ಸಿಲ್ಲಿನ ಖಾಲಿ ಸುತ್ತುಗಳು. ಎಣಿಸಿದೆ. ಮತ್ತೆ ಎಣಿಸಿದೆ. ನಾಲ್ಕು.

"ನಾಲ್ಕು ಸಲ ಕೇಳಿದ್ದೆ" ಎಂದ ಲ್ಯಾನ್ಸಿ. ದನಿಯಲ್ಲಿ ಸಿಟ್ಟಿರಲಿಲ್ಲ. "ನೀವು ನಾಲ್ಕು ಸಲವೂ ಕೈ ಜೇಬಿನಿಂದ ತೆಗಿಲಿಲ್ಲ."

ಮೊದಲ ಮೂರು ಓವರುಗಳಲ್ಲಿ ಒಂದೊಂದು ಸುತ್ತು. ಅದಾದ ಮೇಲೆ ಪುಟದಲ್ಲಿ ಒಂದು ಅಡ್ಡಗೆರೆ, ಪಕ್ಕದಲ್ಲಿ 'ನೀರು' ಎಂದು ಬರೆದಿತ್ತು. ನೀರಿನ ವಿರಾಮ. ಕೊನೆಯ ಸುತ್ತು ಅದರ ನಂತರದ ಓವರಿನಲ್ಲಿ. ಹಿರೇಮಠರ ಕುತ್ತಿಗೆಯಲ್ಲಿ ಒದ್ದೆ ಟವೆಲ್ ಇತ್ತಲ್ಲ? ಅದನ್ನು ಒದ್ದೆ ಮಾಡಿಕೊಂಡದ್ದು ನೀರಿನ ವಿರಾಮದಲ್ಲೇ ಇರಬೇಕು. ಹಾಗಾದರೆ ನಾನು ಎಂಟು ವರ್ಷ ಹೊತ್ತುಕೊಂಡದ್ದು ನಾಲ್ಕನೆಯ ಸುತ್ತಿನ ಚೆಂಡನ್ನು. ಮೊದಲ ಮೂರು ಸಲ ಇದೇ ಮನುಷ್ಯ ನನ್ನ ಕಡೆ ತಿರುಗಿ ಕೈ ಚಾಚಿ ಕೇಳಿದ್ದಾನೆ, ನಾನು ಇಲ್ಲ ಎಂದಿದ್ದೇನೆ. ಎಷ್ಟು ಹುಡುಕಿದರೂ ತಲೆಯಲ್ಲಿ ಅದರ ಒಂದು ಗೆರೆಯೂ ಇಲ್ಲ. ಅವು ನನ್ನನ್ನು ಕಾಡುವಷ್ಟು ತಡೆದು ನಿಲ್ಲಿಸಿರಲೇ ಇಲ್ಲ.

"ಇವನ್ನ ಯಾಕ ತುಂಬ್ಲಿಲ್ಲ?" ಎಂದು ಜೆಸಿಂತಾಳನ್ನು ಕೇಳಿದೆ. ಕೇಳುವಾಗಲೇ ಉತ್ತರ ಗೊತ್ತಿತ್ತು.

"ನನಗೆ ಲೈನ್ ಕಾಣುವುದಿಲ್ಲ ಅಲ್ವಾ. ಅಂಪೈರ್ ಹೇಳ್ಬೇಕು. ಅವತ್ತು ನೀವು ಬಂದು ನೋಡ್ತೀರಿ ಅಂತ ಇಟ್ಟಿದ್ದೆ. ನೀವು ಆಗಲೇ ಕಾರಿನಲ್ಲಿ ಕೂತಿದ್ರಿ."

ನಾನು ಎದ್ದು ಕಿಟಕಿಯ ಹತ್ತಿರ ಹೋದೆ. ಕೆಳಗೆ ರಸ್ತೆಯಲ್ಲಿ ಯಾರೋ ಬಲೆ ಹರವಿ ಹೊಲಿಯುತ್ತಿದ್ದರು. ಮತ್ತೆ ಬಂದು ಕೂತೆ. ಕೂರಲಾಗಲಿಲ್ಲ, ಮತ್ತೆ ಎದ್ದೆ.

"ಕೂತ್ಕೊಳ್ಳಿ ಮಾರಾಯ್ರೆ, ಬೇಳೆಸಾರು ಆರ್ತದೆ" ಎಂದ ಲ್ಯಾನ್ಸಿ. ಆಮೇಲೆ ಸ್ವಲ್ಪ ನಕ್ಕ. "ಇವತ್ತು ಹೇಗೆ ಬಂದದ್ದು? ಯಾರ ಕಾರು?"

"ನನ್ನ ಕಾರೇ."

"ಹಾಗಾದ್ರೆ ಈಗ ಹೇಳಿ."

ರಿಯಾ ತನ್ನ ಕಂಪಾಸ್ ಬಾಕ್ಸಿನಿಂದ ಪೆನ್ಸಿಲ್ ತೆಗೆದು ಮೇಜಿನ ಮೇಲಿಟ್ಟಳು; ಯಾರು ಹೇಳಿದರೋ ನಾನು ನೋಡಲಿಲ್ಲ. ಕೊನೆಯ ಸುತ್ತಿನ ಮೇಲೆ ಪೆನ್ಸಿಲ್ ಇಟ್ಟೆ. ಮ್ಯಾಟಿನ ನಡುಹೊಲಿಗೆ, ಏಳದ ಚೆಂಡು, ಸ್ಟಂಪು ಮುಚ್ಚಿದ ಕಾಲು. ಲೆಗ್ ಕಡೆಗೆ ಎಂಬುದನ್ನು ಮತ್ತೊಮ್ಮೆ ಹುಡುಕಿದೆ. ಸಿಗಲಿಲ್ಲ.

"ಔಟ್" ಎಂದೆ. ಸುತ್ತನ್ನು ತುಂಬಿದೆ.

"ಉಳಿದ ಮೂರು?" ಎಂದಳು ಜೆಸಿಂತಾ.

"ನಾ ನೋಡೇ ಇಲ್ಲ ಜೆಸಿಂತಾಬಾಯಿ."

ಅವಳು ನೋಟ್‌ಬುಕ್ಕನ್ನು ತನ್ನ ಕಡೆ ತಿರುಗಿಸಿ, ತುಂಬಿದ ಸುತ್ತಿನ ಪಕ್ಕ ಟ್ರಯಲ್ ದಿನದ್ದಲ್ಲ, ಇವತ್ತಿನ ತಾರೀಕು ಬರೆದಳು. ಉಳಿದ ಮೂರನ್ನು ಮುಟ್ಟಲಿಲ್ಲ.